ನೆಲಕ್ಕಿಳಿಯದ ಅಳಿಲು

ಕುಣಿಗಲ್‌ನಲ್ಲಿ ಅಳಿಲು ನೋಡಲು ಯಾರೂ ಕಷ್ಟಪಡಬೇಕಿಲ್ಲ. ಕೆರೆ ಏರಿ ಮೇಲಿನ ಮರ, ಮನೆ ಹಿಂದಿನ ತೆಂಗು, ತಾರಸಿ ಮೇಲೆ ಒಣಗಲು ಹಾಕಿದ ಕಡಲೆಕಾಯಿ, ಎಲ್ಲಿ ನೋಡಿದರೂ ಅದೇ ಮೂರು ಗೆರೆಯ ಪುಟ್ಟ ಪ್ರಾಣಿ. ತೂಕ ಹಾಕಿದರೆ ನೂರು ಗ್ರಾಂ ಆಸುಪಾಸು. ಮನುಷ್ಯ ಎಲ್ಲಿ ಮನೆ ಕಟ್ಟಿದನೋ ಅಲ್ಲೇ ತಾನೂ ಸಂಸಾರ ಹೂಡಿದ ಜೀವ ಅದು. ಕಾಂಪೌಂಡ್ ಗೋಡೆ ಮೇಲೆ ಓಡುತ್ತದೆ, ಕೇಬಲ್ ಮೇಲೆ ನಡೆಯುತ್ತದೆ, ನೆಲಕ್ಕಿಳಿದು ಕಾಳು ಹೆಕ್ಕುತ್ತದೆ. ರಸ್ತೆಯನ್ನೂ ದಾಟುತ್ತದೆ, ಕೆಲವೊಮ್ಮೆ ದಾಟಲಾಗದೆ ಸಾಯುತ್ತದೆ.

ಈ ಸಲದ ಅಂಕಣ ಅದರ ದೊಡ್ಡ ನೆಂಟನ ಬಗ್ಗೆ. ಆ ನೆಂಟ ಕುಣಿಗಲ್‌ನಲ್ಲಿಲ್ಲ. ಆದರೆ ಕುಣಿಗಲ್ ಸೀಮೆಯ ನೀರು ಹರಿದು ಹೋಗುವ ಕಡೆ ಇದೆ.

ಶಿಂಷಾ ನದಿ ನಿಮಗೆ ಗೊತ್ತೇ ಇದೆ. ದೇವರಾಯನದುರ್ಗದ ಗುಡ್ಡಗಳಲ್ಲಿ ಹುಟ್ಟಿ, ಗುಬ್ಬಿಯ ಕಡಬ ಕೆರೆ ತುಂಬಿಸಿ, ನಮ್ಮ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ಜಲಾಶಯ ತುಂಬಿದಾಗ ಸೈಫನ್‌ಗಳು ತಾವಾಗಿಯೇ ಕೆಲಸ ಶುರು ಮಾಡಿ ಭೋರ್ಗರೆಯುವುದನ್ನು ರೀಲ್ಸ್‌ನಲ್ಲಾದರೂ ನೋಡಿರುತ್ತೀರಿ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಮದ್ದೂರಿಗೆ ನಿಲ್ಲಿಸುತ್ತಾರೆ. ಮದ್ದೂರು ದಾಟಿ, ಮಳವಳ್ಳಿ ಸೀಮೆ ದಾಟಿ, ಶಿವನಸಮುದ್ರದ ಕೆಳಗೆ ಶಿಂಷಾ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ನದಿ ಬೆಟ್ಟಗಳ ನಡುವೆ ನುಸುಳಿ ಮುತ್ತತ್ತಿ, ಭೀಮೇಶ್ವರಿ, ಸಂಗಮ, ಮೇಕೆದಾಟು ಎಂದು ಹೋಗುತ್ತದೆ. ಇದೆಲ್ಲ ಕಾವೇರಿ ವನ್ಯಧಾಮ. 1987ರಲ್ಲಿ ಸುಮಾರು 510 ಚದರ ಕಿ.ಮೀ. ಇದ್ದದ್ದು, 2013ರಲ್ಲಿ ವಿಸ್ತರಣೆಯಾಗಿ 1,027 ಚದರ ಕಿ.ಮೀ. ಆಯಿತು.

ಈ ನದಿಯ ದಡದ ಮರಗಳ ಮೇಲೆ, ಬೂದಿ ಮೆತ್ತಿಕೊಂಡಂಥ ಬಣ್ಣದ ಒಂದು ಅಳಿಲು ಬದುಕುತ್ತದೆ. ತೂಕ ಒಂದರಿಂದ ಎರಡು ಕಿಲೋ ಒಳಗೆ. ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೆ ಎರಡೂವರೆ ಅಡಿಯ ಆಸುಪಾಸು ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಮೈ ಕೂದಲಿನ ತುದಿಗಳು ಬೆಳ್ಳಗಿರುವುದರಿಂದ ಮಬ್ಬು ನರೆತಂತೆ ಕಾಣುತ್ತದೆ. ಇಂಗ್ಲಿಷ್ ಹೆಸರಿನಲ್ಲೂ ಆ ನರೆಯೇ ಇದೆ: ಗ್ರಿಜಲ್ಡ್ ಜೈಂಟ್ ಸ್ಕ್ವಿರಲ್. ಇಲ್ಲಿ ನಾವು ಬೂದು ಅಳಿಲು ಎಂದೇ ಕರೆಯೋಣ.

ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆಗಾಗ ಬರುವ ಕೆಂಪು, ನೇರಳೆ, ಕಿತ್ತಳೆ ಬಣ್ಣದ ಅಳಿಲಿನ ಫೋಟೊ ಇದೆಯಲ್ಲ, ಅದು ಬೇರೆ. ಅದು ಪಶ್ಚಿಮ ಘಟ್ಟದ ಕೆಂದಳಿಲು, ಮಹಾರಾಷ್ಟ್ರದ ರಾಜ್ಯಪ್ರಾಣಿ. (ಆ ನೇರಳೆಯನ್ನು ಅರ್ಧ ಫಿಲ್ಟರ್ ಹಾಕಿ ಏರಿಸಿರುತ್ತಾರೆ, ಪ್ರಾಣಿ ಅಷ್ಟು ಮಿಂಚುವುದಿಲ್ಲ.) ಭದ್ರಾ, ಕುದುರೆಮುಖ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಡೆ ಹೋದವರು ಕೆಂದಳಿಲನ್ನು ನೋಡಿಯೇ ಇರುತ್ತಾರೆ. ಬೂದು ಅಳಿಲಿಗೆ ಆ ಪ್ರಚಾರ ಸಿಕ್ಕಿಲ್ಲ. ಕರ್ನಾಟಕದ ಕಾವೇರಿ ಕಣಿವೆಯಲ್ಲಿ ಇದು ಇದೆ ಎಂಬ ಟಿಪ್ಪಣಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಬಂದದ್ದೇ 1992ರಲ್ಲಿ. ಬೆಂಗಳೂರಿನಿಂದ ಮೂರು ಗಂಟೆ ದಾರಿಯಲ್ಲಿರುವ, ಬೆಕ್ಕಿನಷ್ಟು ಉದ್ದದ, ಹಗಲಲ್ಲೇ ಓಡಾಡುವ ಪ್ರಾಣಿ ಅಷ್ಟು ತಡವಾಗಿ ಕಾಗದಕ್ಕೆ ಬಂತು. ಊರಿನವರು ದಿನಾ ನೋಡುತ್ತಿದ್ದರು, ಬರೆಯಲು ಹೋಗಿರಲಿಲ್ಲ ಅಷ್ಟೆ.

ಇದರ ವೈಜ್ಞಾನಿಕ ಹೆಸರಲ್ಲಿ ಒಂದು ತಮಾಷೆ ಇದೆ. ರಟೂಫಾ ಮ್ಯಾಕ್ರೌರಾ ಎಂಬುದು ಜಾತಿಯ ಹೆಸರು. ಮ್ಯಾಕ್ರೌರಾ ಅಂದರೆ ಉದ್ದ ಬಾಲದ್ದು. ದಕ್ಷಿಣ ಭಾರತದ ಉಪಜಾತಿಗೆ ದಂಡೊಲೇನ ಎಂದು ಇನ್ನೊಂದು ಹೆಸರು ಸೇರುತ್ತದೆ. ದಂಡುಲೇನ ಎಂಬುದು ದೊಡ್ಡ ಅಳಿಲಿಗೆ ಸಿಂಹಳದವರು ಕರೆಯುವ ಹೆಸರು. ಯಾಕೆಂದರೆ ಈ ಅಳಿಲು ಶ್ರೀಲಂಕಾದಲ್ಲೂ ಇದೆ, ಅಲ್ಲಿ ನಮ್ಮಲ್ಲಿಗಿಂತ ಎಷ್ಟೋ ಹೆಚ್ಚಾಗಿ ಕಾಣಸಿಗುತ್ತದೆ. ಸಮುದ್ರದ ಮಟ್ಟ ಈಗಿನದಕ್ಕಿಂತ ತುಂಬ ಕೆಳಗಿದ್ದ ಹಿಮಯುಗದ ಕಾಲಗಳಲ್ಲಿ ಲಂಕೆ ಮತ್ತು ತಮಿಳುನಾಡಿನ ನಡುವೆ ನೆಲವೇ ಇತ್ತು. ಅದಕ್ಕೇ ಎರಡೂ ಕಡೆ ಒಂದೇ ಸಂಸಾರ. ಸೇತುವೆಗೆ ಮರಳು ಹೊತ್ತು ರಾಮನ ಕೈಯಿಂದ ಬೆನ್ನು ಸವರಿಸಿಕೊಂಡದ್ದು ನಮ್ಮ ಹಿತ್ತಲಿನ ಗೆರೆಯ ಅಳಿಲು ಎಂದು ಕಥೆ. ನಿಜವಾಗಿ ಆ ದಾರಿಯಲ್ಲಿ ಲಂಕೆಯ ನಂಟು ಉಳಿಸಿಕೊಂಡಿರುವ ಇದರ ಬೆನ್ನ ಮೇಲೆ ಒಂದು ಗೆರೆಯೂ ಇಲ್ಲ, ಪಾಪ.

ಇನ್ನು ಇದು ಬದುಕುವ ಬಗೆ. ಬೂದು ಅಳಿಲು ಹುಟ್ಟುವುದು, ಬೆಳೆಯುವುದು, ತಿನ್ನುವುದು, ಮಲಗುವುದು ಎಲ್ಲವೂ ಮರದ ಮೇಲೆ. ನೆಲಕ್ಕಿಳಿಯುವುದು ಬಹಳ ಅಪರೂಪ, ಅದೂ ಬೇರೆ ದಾರಿ ಇಲ್ಲದಾಗ. ಕೆಳಗಿಳಿದರೆ ಇದರ ಗತಿ ಅಷ್ಟಕ್ಕಷ್ಟೇ. ಉಗುರು, ಪಾದ, ಬಾಲ ಎಲ್ಲ ಕೊಂಬೆಗೆಂದು ಆದದ್ದು. ನೆಲದ ಮೇಲೆ ಕುಪ್ಪಳಿಸುತ್ತಾ ಹೋಗುವಾಗ ಚಿರತೆಗೋ ಊರ ನಾಯಿಗೋ ಸುಲಭದ ತುತ್ತು. ಮೇಲೆ ಇದ್ದರೆ ಮಾತ್ರ ಅದು ರಾಜ. ಹಿಂಗಾಲಿನ ಹಿಮ್ಮಡಿಯನ್ನು ಹಿಂದುಮುಂದಾಗಿ ತಿರುಗಿಸಿ, ತಲೆ ಕೆಳಗೆ ಮಾಡಿ ಕಾಂಡದಿಂದ ಇಳಿಯಬಲ್ಲದು. ಹಿಂಗಾಲಲ್ಲೇ ಕೊಂಬೆ ಹಿಡಿದು, ಮೈ ಒಂದು ಕಡೆ ಬಾಲ ಇನ್ನೊಂದು ಕಡೆ ನೇತುಬಿಟ್ಟು, ತಕ್ಕಡಿಯ ಹಾಗೆ ತೂಗಿಕೊಂಡು ಎರಡೂ ಕೈಯಲ್ಲಿ ಹುಣಸೆಕಾಯಿ ಹಿಡಿದು ತಿನ್ನುತ್ತದೆ. ಅಷ್ಟು ಉದ್ದದ ಬಾಲ ಯಾಕೆ ಅಂತ ಆಗ ಅರ್ಥ ಆಗುತ್ತದೆ.

ತಿಂಡಿಗೆ ಹುಣಸೆ, ಅತ್ತಿ, ನೇರಳೆ, ಹೊಂಗೆ ಬೀಜ, ಎಳೆ ಚಿಗುರು, ಹೂವು, ಮರದ ತೊಗಟೆ. ಚೆಲ್ಲುವುದು ಜಾಸ್ತಿ. ಅರ್ಧ ಕಚ್ಚಿ ಬಿಸಾಡಿದ ಕಾಯಿ ಕೆಳಗೆ ಬಿದ್ದರೆ ಜಿಂಕೆಗೆ ಹಬ್ಬ. ಮರ ಇಂಥ ಹೊತ್ತಿಗೆ ಕಾಯಿ ಬಿಟ್ಟರೆ ಇದಕ್ಕೆ ಊಟ, ಇಲ್ಲದಿದ್ದರೆ ಪಕ್ಕದ ಮರಕ್ಕೆ ಹೋಗಬೇಕು. ಹೀಗಾಗಿ ಒಂದೇ ಜಾತಿಯ ಮರ ಸಾಲುಗಟ್ಟಿ ನೆಟ್ಟ ತೋಪು ಇದಕ್ಕೆ ಪ್ರಯೋಜನವಿಲ್ಲ. ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ಸಿಗುವಂಥ, ಬೇರೆ ಬೇರೆ ಕಾಲಕ್ಕೆ ಹೂ ಕಾಯಿ ಬಿಡುವ ಮರಗಳು ಹತ್ತಿರ ಹತ್ತಿರ ಇರಬೇಕು. ಹಾಗಿದ್ದರೆ ತುಂಬಾ ಜಾಗವನ್ನೇನೂ ಕೇಳುವುದಿಲ್ಲ. ಒಂದು ಅಳಿಲಿನ ಓಡಾಟದ ಪ್ರದೇಶ ಒಂದು ಹೆಕ್ಟೇರಿಗಿಂತಲೂ ಕಡಿಮೆ.

ಬೆಳಗ್ಗೆ ಎದ್ದು ಹೊಟ್ಟೆ ತುಂಬಿಸಿಕೊಂಡು, ಬಿಸಿಲೇರಿದ ಮೇಲೆ ಕೊಂಬೆಯ ಮೇಲೆ ನಾಲ್ಕೂ ಕಾಲು ಇಳಿಬಿಟ್ಟು ಚಪ್ಪಟೆಯಾಗಿ ಮಲಗುತ್ತದೆ. ಮತ್ತೆ ಸಂಜೆ ಒಂದು ಸುತ್ತು. ಕತ್ತಲಾಗುವ ಮೊದಲೇ ಗೂಡಿಗೆ. ಸಾಮಾನ್ಯವಾಗಿ ಒಂಟಿ ಜೀವ. ಅಪಾಯ ಕಂಡರೆ ಕಟಕಟ ಎಂದು ಜೋರಾಗಿ ಕೂಗಿ ಇಡೀ ದಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೇಲಿನಿಂದ ಬರುವ ಹದ್ದು, ಗಿಡುಗಗಳೇ ಇದಕ್ಕೆ ದೊಡ್ಡ ಹೆದರಿಕೆ. ಹದ್ದು ಕಂಡಾಗ ಓಡುವುದಕ್ಕಿಂತ ಕಾಂಡಕ್ಕೆ ಅಂಟಿಕೊಂಡು ಅಲುಗಾಡದೆ ಕೂರುವುದೇ ಹೆಚ್ಚು, ಆಗ ಆ ಬೂದು ಬಣ್ಣ ತೊಗಟೆಯಲ್ಲಿ ಕರಗಿಹೋಗುತ್ತದೆ.

ಗೂಡಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಡ್ಡಿ, ಹಸಿ ಎಲೆ ಹೆಣೆದು ಫುಟ್‌ಬಾಲ್‌ಗಿಂತ ದೊಡ್ಡದಾದ ಉಂಡೆ ಕಟ್ಟುತ್ತದೆ. ಒಂದಲ್ಲ, ಒಂದೊಂದು ಅಳಿಲಿಗೆ ಹಲವಾರು ಗೂಡು. ಒಂದು ಮರಿ ಹಾಕಲು, ಉಳಿದವು ಮಲಗಲು. ಮರಿ ಸಾಮಾನ್ಯವಾಗಿ ಒಂದೇ, ಯಾವಾಗಲೋ ಎರಡು. ಇಲಿ ಹೆಗ್ಗಣದ ಸಂಬಂಧಿಗೆ ಇದು ತೀರಾ ಕಡಿಮೆ, ಅಂದರೆ ಸಂಖ್ಯೆ ಒಮ್ಮೆ ಇಳಿದರೆ ಬೇಗ ಏರುವುದಿಲ್ಲ. ಗೂಡನ್ನು ಅದು ಎಲ್ಲೆಂದರಲ್ಲಿ ಕಟ್ಟುವುದಿಲ್ಲ. ಎತ್ತರದ ಮರ ಬೇಕು, ಆ ಮರದ ಕೊಂಬೆ ಪಕ್ಕದ ಮರಗಳ ಕೊಂಬೆಗೆ ತಾಗಿರಬೇಕು. ಗೂಡಿಗೆ ಹಾವೋ ಹದ್ದೋ ಬಂದರೆ ಓಡಿ ಹೋಗಲು ನಾಲ್ಕಾರು ಬಾಗಿಲು ಇದ್ದ ಹಾಗೆ. ಒಂಟಿಯಾಗಿ ನಿಂತ ಮರ ಎಷ್ಟೇ ದೊಡ್ಡದಿರಲಿ, ಅಳಿಲಿನ ಕಣ್ಣಿಗೆ ಅದು ಹಿಂಬಾಗಿಲಿಲ್ಲದ ಮನೆ.

ಕಾವೇರಿ ದಡದಲ್ಲಿ ಇಂಥ ಮನೆ ಅಂದರೆ ಹೊಳೆಮತ್ತಿ. ನೀರುಮತ್ತಿ, ತೊರೆಮತ್ತಿ ಎಂದೂ ಅನ್ನುತ್ತಾರೆ, ಆಯುರ್ವೇದದವರ ಅರ್ಜುನ ಮರ ಇದೇ. ನೀರಿನ ಅಂಚಿಗೇ ಬೇರು ಇಳಿಬಿಟ್ಟು, ನುಣುಪಾದ ಬಿಳಿಚು ಕಾಂಡ, ನದಿಯ ಕಡೆ ಬಾಗಿದ ಭಾರಿ ಕೊಂಬೆ. ಮುತ್ತತ್ತಿಯಲ್ಲಿ ಊಟದ ಡಬ್ಬಿ ಬಿಚ್ಚಿ ಕೂರುವ ನೆರಳು ಹೆಚ್ಚಾಗಿ ಇದರದ್ದೇ. ಅದರ ಜೊತೆ ಹುಣಸೆ, ಹೊಂಗೆ, ನೇರಳೆ, ಅತ್ತಿ ಸೇರಿ ನದಿಯುದ್ದಕ್ಕೂ ಹಸಿರು ಪಟ್ಟಿಯೊಂದು ಆಗಿದೆ. ದಡದಿಂದ ಬೆಟ್ಟದ ಕಡೆ ಸ್ವಲ್ಪ ದೂರ ನಡೆದರೆ ಸಾಕು, ನೆಲ ಒಣಗುತ್ತದೆ, ಮರ ಗಿಡ್ಡವಾಗುತ್ತದೆ, ಕುರುಚಲು ಶುರುವಾಗುತ್ತದೆ. ಮರಗಳ ನಡುವೆ ಆಕಾಶ ಕಾಣುತ್ತದೆ. ಬೂದು ಅಳಿಲಿನ ಪಾಲಿಗೆ ಅಲ್ಲಿಗೆ ಪ್ರಪಂಚ ಮುಗಿಯಿತು.

ವನ್ಯಧಾಮ ಸಾವಿರ ಚದರ ಕಿ.ಮೀ. ಇದೆ ಅಂತ ಮೇಲೆ ಹೇಳಿದೆ. ಈ ಅಳಿಲಿಗೆ ಅದರಲ್ಲಿ ಸಿಕ್ಕಿರುವುದು ನೀರಿನ ಪಕ್ಕದ ಒಂದು ರಿಬ್ಬನ್. ಮ್ಯಾಪ್‌ನಲ್ಲಿ ಇಡೀ ಹಸಿರು ಬಣ್ಣ ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಈ ರಿಬ್ಬನ್ ಇರುವ ಕಡೆಯೇ ಮೇಕೆದಾಟು ಯೋಜನೆಯ ನೀರು ನಿಲ್ಲುವುದು. ಸುಮಾರು 67 ಟಿಎಂಸಿ ಅಡಿ ನೀರಿನ ಜಲಾಶಯ, ಬೆಂಗಳೂರಿಗೆ ಕುಡಿಯುವ ನೀರು, 400 ಮೆಗಾವ್ಯಾಟ್ ವಿದ್ಯುತ್ ಎಂಬುದು ಪ್ರಸ್ತಾವ. ಅದಕ್ಕೆ ಬೇಕಾದ ಭೂಮಿ 5,000 ಹೆಕ್ಟೇರಿಗೂ ಹೆಚ್ಚು, ಬಹುಪಾಲು ಕಾಡು, ಅದರಲ್ಲೂ 3,000 ಹೆಕ್ಟೇರಿಗೂ ಹೆಚ್ಚು ವನ್ಯಧಾಮದ್ದೇ. ನಮ್ಮಲ್ಲಿ ಇದು ಎರಡು ರಾಜ್ಯಗಳ ಜಗಳವಾಗಿ ಮಾತ್ರ ಚರ್ಚೆಯಾಗುತ್ತದೆ. ಟಿವಿಯಲ್ಲಿ ಯಾವ ಪಕ್ಷದ ಪಾದಯಾತ್ರೆ, ಕೋರ್ಟಿನಲ್ಲಿ ಯಾರ ಅರ್ಜಿ, ಇಷ್ಟೇ. ನದಿ ಪಾತ್ರದಲ್ಲಿ ಏನಿದೆ ಅಂತ ಯಾರೂ ಹೇಳುವುದಿಲ್ಲ.

ಕುಣಿಗಲ್‌ನವರು ನೀರು ಬೇಡ ಅಂತ ಹೇಳಿದರೆ ನಂಬುವವರಿಲ್ಲ, ಹೇಳಲೂ ಬಾರದು. ಹೇಮಾವತಿ ನೀರು ಈ ವರ್ಷ ಎಷ್ಟು ಬಂತು, ಯಾವ ಕೆರೆಗೆ ಬಂತು ಎಂಬುದು ನಮ್ಮಲ್ಲಿ ಟೀ ಅಂಗಡಿಯ ಮೊದಲ ಮಾತು. ನೀವೂ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಟ್ಯಾಂಕರ್‌ಗೆ ಕಾದಿರುತ್ತೀರಿ. ಆದರೂ ಒಂದು ಲೆಕ್ಕ ನೇರವಾಗಿ ನೋಡಬೇಕು. ಮುಳುಗುವ ಕಾಡಿನ ಬದಲಿಗೆ ಬೇರೆ ಕಡೆ ಸಸಿ ನೆಡುತ್ತೇವೆ ಅನ್ನುವುದು ಇಂಥ ಯೋಜನೆಗಳಲ್ಲಿ ಮಾಮೂಲು ಉತ್ತರ. ಆನೆಗೆ ಅದು ಸ್ವಲ್ಪ ಮಟ್ಟಿಗೆ ನಡೆದೀತು, ಅದು ನಡೆದುಕೊಂಡು ಹೋಗುತ್ತದೆ. ಬೂದು ಅಳಿಲಿಗೆ ಹೋಗಲು ದಾರಿಯೇ ಇಲ್ಲ. ನೀರು ಏರಿದಾಗ ಮೊದಲು ಮುಳುಗುವುದೇ ದಡದ ಹೊಳೆಮತ್ತಿ ಸಾಲು. ಹೊಸ ದಡ ಎಲ್ಲಿ ಆಗುತ್ತದೋ ಅಲ್ಲಿ ಇರುವುದು ಒಣ ಕುರುಚಲು. ಜಲಾಶಯದ ನೀರು ಬೇಸಿಗೆಗೆ ಇಳಿದು ಮಳೆಗೆ ಏರುತ್ತದೆ, ಆ ಏರಿಳಿತದ ಅಂಚಿನಲ್ಲಿ ಹೊಳೆಮತ್ತಿ ಕಾಡು ನಿಲ್ಲುವುದಿಲ್ಲ. ಬೇಕಾದರೆ ಯಾವುದಾದರೂ ದೊಡ್ಡ ಜಲಾಶಯದ ಹಿನ್ನೀರಿನ ಅಂಚು ನೋಡಿ ಬನ್ನಿ, ಬೋಳು ಮಣ್ಣು ಕಾಣುತ್ತದೆ. ಇನ್ನೊಂದು ಕಡೆ ನೆಟ್ಟ ಸಸಿ ಕೊಂಬೆ ಚಾಚಿ ಪಕ್ಕದ ಮರ ಮುಟ್ಟುವ ಹೊತ್ತಿಗೆ ಎಷ್ಟು ತಲೆಮಾರು ಅಳಿಲು ಕಾಯಬೇಕು?

ಯೋಜನೆ ಆಗುತ್ತದೋ ಬಿಡುತ್ತದೋ, ಆ ದಡದ ಮರಗಳ ಲೆಕ್ಕ, ಗೂಡುಗಳ ಲೆಕ್ಕ ಸಾರ್ವಜನಿಕರ ಮುಂದೆ ಇಟ್ಟ ನಂತರವೇ ಮುಂದಿನ ಮಾತು ಎಂಬುದು ನನ್ನ ಅಭಿಪ್ರಾಯ. ತಮಿಳುನಾಡು 1988ರಲ್ಲೇ ಶ್ರೀವಿಲ್ಲಿಪುತ್ತೂರಿನಲ್ಲಿ ಈ ಅಳಿಲಿನ ಹೆಸರಲ್ಲೇ ಒಂದು ಅಭಯಾರಣ್ಯ ಮಾಡಿತು. ನಮ್ಮಲ್ಲಿ ಕರಡಿಗೆ ದರೋಜಿ ಇದೆ, ಪಕ್ಕದ ಆದಿಚುಂಚನಗಿರಿಯಲ್ಲಿ ನವಿಲಿಗೆ ಇದೆ, ನಮ್ಮ ಜಿಲ್ಲೆಯಲ್ಲೇ ಜಯಮಂಗಲಿಯಲ್ಲಿ ಕೃಷ್ಣಮೃಗಕ್ಕೆ ಇದೆ. ಅಳಿಲು ಅಂದ ತಕ್ಷಣ ನಮಗೆ ಅದೇ ಹಿತ್ತಲಿನದ್ದು ನೆನಪಾಗುವುದರಿಂದ ಇದು ಹಿಂದೆ ಬಿತ್ತೇನೋ.

ಕುಣಿಗಲ್ ಕಡೆಗೆ ವಾಪಸ್ ಬರೋಣ. ಕೊಂಬೆಗೆ ಕೊಂಬೆ ತಾಗಬೇಕು ಎಂಬ ಈ ಹಟ ಬೂದು ಅಳಿಲಿಗೆ ಮಾತ್ರ ಇಲ್ಲ. ತುಮಕೂರು ತಾಲ್ಲೂಕಿನ ನಾಗವಲ್ಲಿಯ ಕಾಡುಪಾಪ ಹೆಸರಾದದ್ದು. ರಾತ್ರಿ ಹೊತ್ತು ಮರದಿಂದ ಮರಕ್ಕೆ ಮೆಲ್ಲಗೆ ಕೈ ಚಾಚಿ ದಾಟುವ ಪ್ರಾಣಿ ಅದು, ಅಳಿಲಿನ ಹಾಗೆ ಹಾರಲೂ ಬಾರದು. ಬೇಲಿಯ ಮರ ಕಡಿದು ಕಲ್ಲುಕಂಬ, ತಂತಿ ಹಾಕಿದರೆ ಅದರ ದಾರಿ ಅಲ್ಲಿಗೆ ಕಡಿಯಿತು. ಹಳೇ ತೋಟದ ಬೇಲಿಯಲ್ಲಿ ಹೊಂಗೆ, ಹಲಸು, ಮಾವು, ಹುಣಸೆ ಒತ್ತೊತ್ತಾಗಿ ಇರುತ್ತಿದ್ದವು. ಈಗ ತೋಟ ವಿಭಾಗ ಆದಾಗ ಮೊದಲು ಹೋಗುವುದು ಬದುವಿನ ಮರ. ಅಣ್ಣನದೋ ತಮ್ಮನದೋ ಎಂದು ಜಗಳ ಬೇಡ, ಕಡಿದು ದುಡ್ಡು ಹಂಚಿಕೊಳ್ಳೋಣ ಎಂದು ತೀರ್ಮಾನ.

ರಸ್ತೆಯದ್ದೂ ಅದೇ ಕಥೆ. ಬೆಂಗಳೂರು–ಹಾಸನ ಹೆದ್ದಾರಿ ಅಗಲವಾದ ಮೇಲೆ ನಮಗೆ ಊರು ಹತ್ತಿರವಾಯಿತು, ಸುಳ್ಳು ಹೇಳಬಾರದು, ನನಗೂ ಖುಷಿಯೇ. ಆದರೆ ಎರಡೂ ಬದಿಯ ಮರಗಳು ಮೇಲೆ ಕೈ ಕೈ ಹಿಡಿದುಕೊಂಡಿದ್ದ ರಸ್ತೆ ಹೇಗಿರುತ್ತದೆ ಎಂದು ಈಗ ಮಕ್ಕಳಿಗೆ ತೋರಿಸಬೇಕೆಂದರೆ ಕುದೂರು–ಹುಲಿಕಲ್ ರಸ್ತೆಗೇ ಕರೆದುಕೊಂಡು ಹೋಗಬೇಕು. ಗುಬ್ಬಿಯಲ್ಲಿ ಹುಟ್ಟಿ ಹುಲಿಕಲ್‌ಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯನವರ ಜೊತೆ ನೀರು ಹೊತ್ತು ಬೆಳೆಸಿದ 385 ಆಲದ ಮರಗಳು ಅಲ್ಲಿವೆ. 2019ರಲ್ಲಿ ಆ ಮರಗಳಿಗೂ ರಸ್ತೆ ಅಗಲೀಕರಣದ ಆತಂಕ ಬಂದಿತ್ತು. ಅಲ್ಲಿ ಬೂದು ಅಳಿಲಿಲ್ಲ, ನಮ್ಮ ಗೆರೆ ಅಳಿಲೇ ಇರುವುದು. ಆದರೆ ಮರದ ಪ್ರಾಣಿಗೆ ದಾರಿ ಅಂದರೆ ಏನು ಎಂದು ತಲೆಯೆತ್ತಿ ನೋಡಿದರೆ ಅಲ್ಲಿ ಗೊತ್ತಾಗುತ್ತದೆ. ಅತ್ತ ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳು ಟಾರು ರಸ್ತೆಗೆ ಇಳಿದು ಸಾಯುವುದನ್ನು ತಪ್ಪಿಸಲು ರಸ್ತೆಯ ಮೇಲೆ ಮರದಿಂದ ಮರಕ್ಕೆ ಹಗ್ಗದಂಥ ಸೇತುವೆ ಕಟ್ಟಿದ್ದಾರೆ, ಅವು ಬಳಸುತ್ತವೆ ಕೂಡ. ಕೊಂಬೆಯನ್ನು ಉಳಿಸಿಕೊಂಡಿದ್ದರೆ ಆ ಖರ್ಚು ಇರುತ್ತಿರಲಿಲ್ಲ, ಅದು ಬೇರೆ ಮಾತು.

ಶಿಂಷಾ ದಡದಲ್ಲಿ ತೋಟ ಇರುವವರು ಒಂದು ಕೆಲಸ ಮಾಡಬಹುದು. ನದಿ ಅಂಚಿನಲ್ಲಿ ಹೊಳೆಮತ್ತಿ ಇದ್ದರೆ ಅದನ್ನು ಬಿಡಿ. ತೊಗಟೆಗೆ ಬೇಡಿಕೆ ಇದೆ ಎಂದು ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಮರಳು ತೆಗೆದು ಬೇರು ಬಯಲಾದ ಕಡೆ ಮುಂದಿನ ಪ್ರವಾಹಕ್ಕೆ ಮರದ ಜೊತೆ ನಿಮ್ಮ ಎರಡು ಸಾಲು ಅಡಿಕೆಯೂ ಹೋಗುತ್ತದೆ. ಹೊಸದಾಗಿ ನೆಡುವುದಾದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮಳೆಗಾಲಕ್ಕೆ ಮೊದಲೇ ಕೇಳಿ ನೋಡಿ.

ನೋಡಬೇಕು ಅನ್ನಿಸಿದವರಿಗೆ ದಾರಿ: ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಹಲಗೂರು, ಮುತ್ತತ್ತಿ. ನೂರು ಕಿ.ಮೀ. ಆಸುಪಾಸು. ಭಾನುವಾರ ಬೇಡ, ಮುತ್ತತ್ತಿರಾಯನ ಭಕ್ತರು ಮತ್ತು ಪಿಕ್‌ನಿಕ್ ಜನ ಸೇರಿ ಗದ್ದಲ. ವಾರದ ಮಧ್ಯೆ ಒಂದು ರಜೆ ಹಾಕಿ, ಬೆಳಗ್ಗೆ ಒಂಬತ್ತರ ಒಳಗೆ ಅಲ್ಲಿರಿ. ಕೋತಿಗೆ ಬಿಸ್ಕತ್ತು ಹಾಕಬೇಡಿ, ನದಿಗೆ ಇಳಿಯಬೇಡಿ, ಸುಳಿ ಇದೆ. ರಸ್ತೆ ಬಿಟ್ಟು ಕಾಡಿನೊಳಗೆ ಹೋಗುವಂತಿಲ್ಲ, ಹೋಗುವ ಅಗತ್ಯವೂ ಇಲ್ಲ, ಅಳಿಲು ಇರುವುದು ದಡದಲ್ಲೇ.

ಅಳಿಲನ್ನು ಹುಡುಕಲು ಹೋದರೆ ಸಿಗುವುದಿಲ್ಲ. ಮೊದಲು ನೆಲ ನೋಡಿ, ಹೊಸದಾಗಿ ಕಚ್ಚಿ ಬಿಸಾಡಿದ ಹುಣಸೆ ಸಿಪ್ಪೆ ಇದೆಯಾ ಅಂತ. ಇದ್ದರೆ ಅಲ್ಲೇ ನಿಂತು ಕಿವಿ ಕೊಡಿ, ಮೇಲೆ ಎಲ್ಲೋ ಗಟ್ಟಿ ಬೀಜ ಕೊರೆಯುವ ಕರಕರ ಸದ್ದು ಕೇಳುತ್ತದೆ. ಆಮೇಲೆ ಎರಡು ಮರದ ಕೊಂಬೆ ಕೂಡುವ ಜಾಗದಲ್ಲಿ ಎಲೆಯ ಉಂಡೆ ಹುಡುಕಿ. ಕಾಗೆ ಗೂಡು ಬಟ್ಟಲಿನಂತೆ ಮೇಲೆ ತೆರೆದಿರುತ್ತದೆ, ಇದು ಮುಚ್ಚಿದ ಚೆಂಡು. ಒಂದು ಗೂಡು ಸಿಕ್ಕರೆ ಹತ್ತಿರದಲ್ಲೇ ಇನ್ನೂ ಎರಡೋ ಮೂರೋ ಇರುತ್ತವೆ. ಎಲೆ ಹಸಿರಾಗಿದ್ದರೆ ಯಾರೋ ವಾಸವಿದ್ದಾರೆ ಎಂದರ್ಥ. ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಟ್ಟುಹೋದ ಮನೆ, ಮುಂದಿನ ಮರಕ್ಕೆ ಹೋಗಿ.